ದೊಡ್ಡ ಫಿಫ್ತ್‌ವೀಲ್ ಟ್ರೇಲರಿಗೆ ಯಾವ ಹಿಚ್ ಸೂಕ್ತ?

ಅಮೆರಿಕದಲ್ಲಿ ಫಿಫ್ತ್‌ವೀಲ್ ಟ್ರೇಲರ್, ಅಂದರೆ ಪಿಕಪ್ ಟ್ರಕ್ಕಿನ ಹಿಂಬದಿಯ ತೆರೆದ ತೊಟ್ಟಿಗೆ (ಬೆಡ್ಡಿಗೆ) ಜೋಡಿಸಿ ಎಳೆಯುವ ಗಾಲಿಮನೆ, ಕೊಳ್ಳಲು ಹೊರಟವರು ಅಡುಗೆಮನೆ ಯಾವ ಕಡೆಗಿರಬೇಕು, ಹೊರಚಾಚುವ ಸ್ಲೈಡ್‌ಔಟ್‌ಗಳು ಎಷ್ಟಿರಬೇಕು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಏಳೆಂಟು ಟನ್ ತೂಗುವ ಆ ಮನೆಯನ್ನು ಟ್ರಕ್ಕಿಗೆ ಹಿಡಿದಿಡುವ ಹಿಚ್ಚಿನ ಮಾತು ಬಂದಾಗ ಮಾತ್ರ, ಡೀಲರ್ ಹೇಳಿದ್ದಕ್ಕೆ ಹತ್ತು ನಿಮಿಷದಲ್ಲಿ ಒಪ್ಪಿಬಿಡುತ್ತಾರೆ. ಮೊದಲ ಸಲ ನಾವೂ ಹಾಗೆಯೇ ಮಾಡಿದ್ದೆವು, ಮತ್ತು ಎರಡು ವರ್ಷ ಕಳೆಯುವುದರೊಳಗೆ ಆ ಹಿಚ್ಚನ್ನು ಮಾರಿ ಬೇರೊಂದನ್ನು ಹಾಕಿಸಬೇಕಾಯಿತು. ಈಗ ಟ್ರೇಲರ್ ಕೊಳ್ಳುವ ಯೋಚನೆಯಲ್ಲಿರುವ ಕನ್ನಡದ ಗೆಳೆಯರು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ: ಹಿಚ್ಚಿನ ಮೈಮೇಲೆ ಅಚ್ಚಾಗಿರುವ 20,000 ಅಥವಾ 25,000 ಪೌಂಡ್ ಎಂಬ ಅಂಕಿಯನ್ನು ನೋಡಿ ಆಯ್ಕೆ ಮಾಡಬೇಡಿ. ಟ್ರೇಲರನ್ನು ಹಿಚ್ಚಿಗೆ ಸೇರಿಸುವ ಪಿನ್ನಿನ ಮೂಲಕ ಟ್ರಕ್ಕಿನ ಮೇಲೆ ಬೀಳುವ ಭಾರ (ಪಿನ್ ಭಾರ) ಎಷ್ಟು, ಪಿನ್ನಿನಿಂದ ಟ್ರಕ್ಕಿನ ಕ್ಯಾಬಿನ್‌ವರೆಗೆ ಎಷ್ಟು ಇಂಚು ಜಾಗವಿದೆ ಎಂಬ ಎರಡು ಅಳತೆಗಳನ್ನು ಮೊದಲು ತೆಗೆದುಕೊಳ್ಳಿ. ಅವೆರಡು ಕೈಯಲ್ಲಿದ್ದರೆ ಮಾರುಕಟ್ಟೆಯಲ್ಲಿರುವ ಆಯ್ಕೆಗಳಲ್ಲಿ ಅರ್ಧಕ್ಕೂ ಹೆಚ್ಚು ತಾವಾಗಿಯೇ ಬದಿಗೆ ಸರಿಯುತ್ತವೆ.

ಹೆಸರಿನ ವಿಚಾರವಾಗಿ ಒಂದು ಮಾತು. ನಾಲ್ಕು ಚಕ್ರದ ಕುದುರೆಗಾಡಿಯ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಮಲಗಿಸಿದ್ದ ಚಕ್ರವೇ ಆ ‘ಐದನೆಯ ಚಕ್ರ’. ಇಂದಿನ ಹಿಚ್ಚಿನಲ್ಲಿ ಅದರ ಜಾಗದಲ್ಲಿರುವುದು ಗ್ರೀಸ್ ಸವರಿದ ಒಂದು ಉಕ್ಕಿನ ತಟ್ಟೆ ಮತ್ತು ಅದರೊಳಗಿನ ದವಡೆ. ಟ್ರೇಲರಿನ ಮೂತಿಯಿಂದ ಕೆಳಕ್ಕೆ ಇಳಿಬಿಟ್ಟಿರುವ ಪಿನ್ ಬಾಕ್ಸಿನ ತುದಿಯಲ್ಲಿ 2 ಇಂಚು ದಪ್ಪದ ಕಿಂಗ್‌ಪಿನ್ ಇರುತ್ತದೆ. ಟ್ರಕ್ಕು ಹಿಮ್ಮುಖವಾಗಿ ಬಂದಾಗ ಅದು ತಟ್ಟೆಯ ಸೀಳಿನಲ್ಲಿ ಜಾರಿ ದವಡೆಯೊಳಗೆ ಸೇರಿಕೊಳ್ಳುತ್ತದೆ. ತುಮಕೂರು ರಸ್ತೆಯಲ್ಲಿ ಕಂಟೇನರ್ ಹೊತ್ತು ಸಾಗುವ ಟ್ರೇಲರ್ ಲಾರಿಗಳಲ್ಲಿ ಇರುವುದೂ ಇದೇ ವ್ಯವಸ್ಥೆ. ವ್ಯತ್ಯಾಸವೇನೆಂದರೆ ಲಾರಿಯಲ್ಲಿ ಆ ತಟ್ಟೆ ಬರಿಯ ಚಾಸಿಯ ಮೇಲೆ ಕುಳಿತಿರುತ್ತದೆ, ಪಿಕಪ್ ಟ್ರಕ್ಕಿನಲ್ಲಿ ಅದನ್ನು ಗೋಡೆಗಳಿರುವ ಬೆಡ್ಡಿನೊಳಗೆ ಕೂರಿಸಬೇಕು. ತೊಂದರೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಮೊದಲ ಅಳತೆ: ಪಿನ್ ಭಾರ

ಎತ್ತಿನ ಗಾಡಿ ಹೂಡಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿಯ ಹೇರು ಮುಂದಕ್ಕೆ ಹೆಚ್ಚಾದರೆ ಮೂಕಿಯ ಭಾರವೆಲ್ಲ ಎತ್ತುಗಳ ಹೆಗಲಿಗೆ ಬೀಳುತ್ತದೆ, ಹಿಂದಕ್ಕೆ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ. ಫಿಫ್ತ್‌ವೀಲ್ ಟ್ರೇಲರಿನಲ್ಲಿ ಒಟ್ಟು ತೂಕದ ಶೇಕಡಾ 20ರಿಂದ 25ರಷ್ಟು ಪಿನ್ನಿನ ಮೂಲಕ ಟ್ರಕ್ಕಿನ ಹೆಗಲಿಗೆ ಬರುತ್ತದೆ. ಬಂಪರಿಗೆ ಕಟ್ಟಿ ಎಳೆಯುವ ಸಾಮಾನ್ಯ ಟ್ರೇಲರುಗಳಲ್ಲಿ ಈ ಪಾಲು ಶೇಕಡಾ 10ರಿಂದ 15 ಮಾತ್ರ. ಫಿಫ್ತ್‌ವೀಲ್ ರಸ್ತೆಯಲ್ಲಿ ತೂಗಾಡದೆ ನೆಟ್ಟಗೆ ಸಾಗಲು ಈ ಹೆಚ್ಚಿನ ಭಾರ ಟ್ರಕ್ಕಿನ ಹಿಂದಿನ ಆಕ್ಸಲಿನ ಮೇಲೆಯೇ ನೇರವಾಗಿ ಕೂರುವುದು ಮುಖ್ಯ ಕಾರಣ. ಅದಕ್ಕೆ ನಾವು ತೆರುವ ಬೆಲೆ ಎಂದರೆ ಟ್ರಕ್ಕಿನ ಪೇಲೋಡ್, ಅಂದರೆ ಅದು ಹೊರಬಹುದಾದ ತೂಕ.

ಒಂದು ಲೆಕ್ಕ ಮಾಡೋಣ. ತುಂಬಿದಾಗ 16,500 ಪೌಂಡ್, ಅಂದರೆ ಸುಮಾರು 7,480 ಕಿಲೋ ತೂಗುವ ಟ್ರೇಲರ್ ಇದೆ ಎಂದುಕೊಳ್ಳಿ. ಶೇಕಡಾ 22ರಂತೆ ಪಿನ್ ಭಾರ 3,630 ಪೌಂಡ್ ಆಯಿತು. ಉಕ್ಕಿನ ಹಿಚ್ 200 ಪೌಂಡ್, ಗಂಡ ಹೆಂಡತಿ ಸೇರಿ 350 ಪೌಂಡ್, ಉಪಕರಣದ ಪೆಟ್ಟಿಗೆ 100 ಪೌಂಡ್ ಎಂದು ಹಿಡಿದರೂ ಒಟ್ಟು 4,280 ಪೌಂಡ್ ಟ್ರಕ್ಕಿನ ಮೇಲಿರುತ್ತದೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ ಪಟ್ಟಿಯ ಚೀಟಿಯಲ್ಲಿ ನಿಮ್ಮದೇ ಟ್ರಕ್ಕು ಹೊರಬಹುದಾದ ತೂಕ ಬರೆದಿರುತ್ತದೆ. ಡೀಸೆಲ್ ಎಂಜಿನ್ನಿನ, ನಾಲ್ಕು ಬಾಗಿಲಿನ, ಹಿಂದೆ ಎರಡೇ ಚಕ್ರಗಳಿರುವ ಎಷ್ಟೋ ಟ್ರಕ್ಕುಗಳಲ್ಲಿ ಆ ಅಂಕಿ ಈ ಮೊತ್ತವನ್ನು ಮುಟ್ಟುವುದೇ ಇಲ್ಲ. ಜಾಹೀರಾತಿನಲ್ಲಿ ಕಾಣುವ ಎಳೆಯುವ ಸಾಮರ್ಥ್ಯ ಎಷ್ಟೇ ದೊಡ್ಡದಿರಲಿ, ಮೊದಲು ಮುಗಿಯುವುದು ಹೊರುವ ಸಾಮರ್ಥ್ಯ. ಟೈರಿನ ಲೆಕ್ಕವನ್ನೂ ಇದರ ಜೊತೆಗೇ ನೋಡಬೇಕು: ಈ ವರ್ಗದ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿರುವ 275/70ಆರ್18 ಅಳತೆಯ ಇ ಶ್ರೇಣಿಯ ಟೈರ್ ಒಂದೊಂದೂ 80 ಪಿಎಸ್‌ಐ ಗಾಳಿಯಲ್ಲಿ 3,640 ಪೌಂಡ್ ಮಾತ್ರ ಹೊರುತ್ತದೆ, ಮತ್ತು ಪಿನ್ ಭಾರ ಬೀಳುವ ಮೊದಲೇ ಟ್ರಕ್ಕಿನ ಸ್ವಂತ ತೂಕದ ಒಂದು ದೊಡ್ಡ ಪಾಲು ಅದರ ಮೇಲಿರುತ್ತದೆ. ಆದ್ದರಿಂದ 16,000 ಪೌಂಡ್ ದಾಟಿದ ಟ್ರೇಲರಿಗೆ ಹಿಂದೆ ನಾಲ್ಕು ಚಕ್ರಗಳಿರುವ ಡ್ಯೂಯಲಿ ಟ್ರಕ್ಕೇ ಬೇಕೆಂದು ನಾನು ಹಿಂಜರಿಯದೆ ಹೇಳುತ್ತೇನೆ. ಹಿಚ್ ಯಾವುದಾದರೂ ಟ್ರಕ್ಕಿನ ಕೊರತೆಯನ್ನು ತುಂಬುವುದಿಲ್ಲ.

ಕರಪತ್ರದಲ್ಲಿ ಅಚ್ಚಾಗಿರುವ ಪಿನ್ ಭಾರವನ್ನು ನಂಬಬೇಡಿ. ಅದು ಖಾಲಿ ಟ್ರೇಲರಿನದು. ಹೆದ್ದಾರಿಯ ಬದಿಯ ಟ್ರಕ್ ಸ್ಟಾಪುಗಳಲ್ಲಿರುವ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಯ ಮೇಲೆ, ಪ್ರವಾಸಕ್ಕೆ ತುಂಬಿದ ಸ್ಥಿತಿಯಲ್ಲಿಯೇ, ಟ್ರೇಲರ್ ಸಮೇತ ಒಮ್ಮೆ ಮತ್ತು ಟ್ರೇಲರ್ ಬಿಚ್ಚಿ ಮತ್ತೊಮ್ಮೆ ತೂಗಿಸಬೇಕು. ಟ್ರಕ್ಕಿನ ಎರಡೂ ಆಕ್ಸಲುಗಳ ಮೊತ್ತದಲ್ಲಿ ಕಾಣುವ ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ಭಾರ.

ಈ ಹಂತದಲ್ಲಿಯೇ ಪರವಾನಗಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು. ಕ್ಯಾಲಿಫೋರ್ನಿಯದಲ್ಲಿ ಒಟ್ಟು ತೂಕದ ಮಿತಿ 15,000 ಪೌಂಡ್ ಮೀರಿದ ಫಿಫ್ತ್‌ವೀಲ್ ಎಳೆಯಲು ವಾಣಿಜ್ಯೇತರ ಎ ವರ್ಗದ ಪರವಾನಗಿ ಬೇಕು. ಟೆಕ್ಸಾಸಿನಲ್ಲಿ ಟ್ರಕ್ಕು ಮತ್ತು ಟ್ರೇಲರಿನ ಮಿತಿಗಳು ಸೇರಿ 26,000 ಪೌಂಡ್ ದಾಟಿ, ಟ್ರೇಲರಿನದೇ 10,000 ಪೌಂಡಿಗಿಂತ ಹೆಚ್ಚಿದ್ದರೆ ಅಲ್ಲಿಯೂ ಎ ವರ್ಗದ ಪರವಾನಗಿ ಬೇಕಾಗುತ್ತದೆ. ಬೇ ಏರಿಯಾದಲ್ಲಿಯೂ ಡಾಲಸ್‌ನಲ್ಲಿಯೂ ಇರುವ ನಮ್ಮವರಲ್ಲಿ ಇದನ್ನು ಟ್ರೇಲರ್ ಮನೆಗೆ ತಂದ ಮೇಲೆ ತಿಳಿದವರಿದ್ದಾರೆ.

ಎರಡನೆಯ ಅಳತೆ: ಕ್ಯಾಬಿನ್‌ವರೆಗಿನ ಅಂತರ

ದೊಡ್ಡ ಟ್ರೇಲರುಗಳ ಅಗಲ 102 ಇಂಚು. ಟ್ರೇಲರ್ ಟ್ರಕ್ಕಿಗೆ ಲಂಬವಾಗಿ ತಿರುಗಿ ನಿಂತಾಗ ಅದರ ಪಕ್ಕದ ಗೋಡೆ ಪಿನ್ನಿನಿಂದ 51 ಇಂಚು ಮುಂದಕ್ಕೆ ಬರುತ್ತದೆ. ಪಿನ್ನಿನಿಂದ ಕ್ಯಾಬಿನ್ ಗಾಜಿನವರೆಗೆ ಅದಕ್ಕಿಂತ ಮೂರು ನಾಲ್ಕು ಇಂಚಾದರೂ ಹೆಚ್ಚು ಜಾಗವಿದ್ದರೆ ಯಾವ ಕೋನದಲ್ಲಿ ತಿರುಗಿಸಿದರೂ ಚಿಂತೆಯಿಲ್ಲ. ಪಿನ್ನು ಹಿಂದಿನ ಆಕ್ಸಲಿನ ನೇರಕ್ಕೆ ಅಥವಾ ಅದಕ್ಕಿಂತ ಒಂದೆರಡು ಇಂಚು ಮುಂದೆ ಕೂರಬೇಕೆಂಬುದು ನಿಯಮವಾದ್ದರಿಂದ, ಈ ಜಾಗ ಎಷ್ಟು ಸಿಗುತ್ತದೆ ಎಂಬುದನ್ನು ಬೆಡ್ಡಿನ ಉದ್ದವೇ ನಿರ್ಧರಿಸುತ್ತದೆ. ಫೋರ್ಡ್ ಎಫ್-350ರ ನಾಲ್ಕು ಬಾಗಿಲಿನ ಮಾದರಿಯಲ್ಲಿ ಗಿಡ್ಡ ಬೆಡ್ಡಿನ ಟ್ರಕ್ಕಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ) ಸುಮಾರು 160 ಇಂಚು, ಎಂಟು ಅಡಿಯ ಬೆಡ್ಡಿನದು 176 ಇಂಚು. ಆ 16 ಇಂಚಿನ ವ್ಯತ್ಯಾಸ ಬಹುಮಟ್ಟಿಗೆ ಪೂರ್ತಿಯಾಗಿ ಕ್ಯಾಬಿನ್ ಮತ್ತು ಆಕ್ಸಲಿನ ನಡುವೆಯೇ ಸಿಗುತ್ತದೆ: ಉದ್ದ ಬೆಡ್ಡಿನಲ್ಲಿ ಸುಮಾರು 56 ಇಂಚು, ಗಿಡ್ಡ ಬೆಡ್ಡಿನಲ್ಲಿ 40ರ ಆಸುಪಾಸು. ಮೊದಲನೆಯದರಲ್ಲಿ 51 ಇಂಚು ನೆಮ್ಮದಿಯಾಗಿ ಹಿಡಿಯುತ್ತದೆ, ಎರಡನೆಯದರಲ್ಲಿ ಟ್ರೇಲರಿನ ಮೂಲೆ ಕ್ಯಾಬಿನ್ನಿನ ಗಾಜನ್ನು ಒಡೆಯುತ್ತದೆ.

ಹೊಸ ಟ್ರೇಲರುಗಳ ಮುಂದಿನ ಮೂಲೆಗಳನ್ನು ಗುಂಡಾಗಿ ಕೊರೆದಿರುತ್ತಾರೆ, ಪಿನ್ ಬಾಕ್ಸನ್ನು ಮುಂದಕ್ಕೆ ಚಾಚಿರುತ್ತಾರೆ. ಗಿಡ್ಡ ಬೆಡ್ಡಿಗೂ ಹೊಂದುತ್ತದೆ ಎಂದು ಮಾರಾಟಗಾರರು ಭರವಸೆ ಕೊಡುವುದು ಇದನ್ನೇ ನೆಚ್ಚಿ. ಆ ಮಾತು ಕೆಲವು ಟ್ರೇಲರುಗಳ ಮಟ್ಟಿಗೆ ನಿಜ. ಆದರೆ ಎಷ್ಟು ಕೋನದವರೆಗೆ ನಿಜ ಎಂಬುದನ್ನು ಸಮತಟ್ಟಾದ ಖಾಲಿ ಮೈದಾನದಲ್ಲಿ ಒಬ್ಬರನ್ನು ಕೆಳಗೆ ನಿಲ್ಲಿಸಿ, ಇಂಚಿಂಚಾಗಿ ತಿರುಗಿಸಿ ನೋಡಿದ ಮೇಲೆಯೇ ಒಪ್ಪಬೇಕು. ಹೆದ್ದಾರಿಯಲ್ಲಿ ಈ ಸಮಸ್ಯೆ ತಲೆಯೆತ್ತುವುದೇ ಇಲ್ಲ. ಮರಗಳ ನಡುವಿನ ಇಕ್ಕಟ್ಟಾದ ಶಿಬಿರ ತಾಣದಲ್ಲಿ, ಕತ್ತಲಾಗುತ್ತಿರುವಾಗ, ಹಿಮ್ಮುಖವಾಗಿ ತಿರುಗಿಸುವ ಗಳಿಗೆಯಲ್ಲಿಯೇ ಅದು ಎದುರಾಗುವುದು.

ಸ್ಥಿರ ಹಿಚ್, ಮತ್ತು ಅದನ್ನು ಟ್ರಕ್ಕಿಗೆ ಕೂರಿಸುವ ಮೂರು ಬಗೆ

ಎಂಟು ಅಡಿಯ ಬೆಡ್ ಇದ್ದವರಿಗೆ ಹೆಚ್ಚು ಯೋಚನೆ ಬೇಡ: ಹಿಂದೆ ಮುಂದೆ ಸರಿಯದ, ಒಂದೇ ಕಡೆ ಕೂರುವ ಸ್ಥಿರ ಹಿಚ್ ಸಾಕು. ಚಲಿಸುವ ಭಾಗಗಳು ಕಡಿಮೆ, ಸವೆತ ಕಡಿಮೆ, ಬೆಲೆಯೂ ಉಳಿದವುಗಳಿಗಿಂತ ಕಡಿಮೆ. ಇಲ್ಲಿ ಉಳಿಯುವ ಪ್ರಶ್ನೆ ಅದನ್ನು ಟ್ರಕ್ಕಿಗೆ ಹೇಗೆ ಕೂರಿಸುವುದು ಎಂಬುದು ಮಾತ್ರ.

ಹಳೆಯ ಕ್ರಮ ಹಳಿಗಳದು. ಬೆಡ್ಡಿಗೆ ಅಡ್ಡಲಾಗಿ ಎರಡು ಉಕ್ಕಿನ ಹಳಿಗಳನ್ನು ಇಟ್ಟು, ಬೆಡ್ಡಿನ ತಳವನ್ನು ಕೊರೆದು, ಕೆಳಗಿನ ಚೌಕಟ್ಟಿಗೆ ಬ್ರಾಕೆಟ್‌ಗಳ ಮೂಲಕ ಬೋಲ್ಟ್ ಹಾಕುತ್ತಾರೆ. ಸರಿಯಾಗಿ ಹಾಕಿದರೆ ಇದು ಬಹಳ ಗಟ್ಟಿ, ಮತ್ತು ಸಾಮಾನ್ಯ ಅಳತೆಯ ಹಳಿಗಳ ಮೇಲೆ ಅನೇಕ ತಯಾರಕರ ಹಿಚ್‌ಗಳು ಕೂರುತ್ತವೆ. ಹಿಚ್ ತೆಗೆದ ಮೇಲೂ ಹಳಿಗಳು ಬೆಡ್ಡಿನಲ್ಲಿ ಉಳಿದುಬಿಡುತ್ತವೆ ಎಂಬುದೇ ಇದರ ಮುಖ್ಯ ಕೊರತೆ. ಪ್ಲೈವುಡ್ ಹಾಳೆಯನ್ನೋ ಗೊಬ್ಬರದ ಚೀಲವನ್ನೋ ಹೇರುವವರಿಗೆ ಅವು ಪ್ರತಿ ಸಲವೂ ಅಡ್ಡ ಬರುತ್ತವೆ.

ಎರಡನೆಯದು ಪಕ್ ವ್ಯವಸ್ಥೆ. 2010ರ ದಶಕದಲ್ಲಿ ಫೋರ್ಡ್, ರ‍್ಯಾಮ್ ಮತ್ತು ಜನರಲ್ ಮೋಟರ್ಸ್ ಮೂರೂ ತಮ್ಮ ಭಾರಿ ಪಿಕಪ್‌ಗಳಿಗೆ ಕಾರ್ಖಾನೆಯಲ್ಲಿಯೇ ಈ ಏರ್ಪಾಟನ್ನು ಕೊಡಲಾರಂಭಿಸಿದವು: ಬೆಡ್ಡಿನ ತಳದಲ್ಲಿ ನಾಲ್ಕು ಗುಂಡನೆಯ ಕುಳಿಗಳು, ಅವುಗಳ ನಡುವೆ ಗೂಸ್‌ನೆಕ್ ಎಂಬ ಬೇರೊಂದು ಬಗೆಯ ಹಿಚ್ಚಿನ (ಅದರ ಮಾತು ಮುಂದೆ ಬರುತ್ತದೆ) ಉಕ್ಕಿನ ಗುಂಡನ್ನು ಕೂರಿಸಲು ಐದನೆಯದೊಂದು. ಹಿಚ್ಚಿನ ನಾಲ್ಕು ಕಾಲುಗಳನ್ನು ಕುಳಿಗಳಲ್ಲಿ ಇಳಿಸಿ ಹಿಡಿಕೆ ತಿರುಗಿಸಿದರೆ ಬೀಗ ಬೀಳುತ್ತದೆ. ತೆಗೆದರೆ ಬೆಡ್ ಮತ್ತೆ ಸಪಾಟು. ಹೊಸ ಟ್ರಕ್ಕು ಕೊಳ್ಳುವವರು ಈ ಸೌಲಭ್ಯವನ್ನು ಆರ್ಡರಿನಲ್ಲಿಯೇ ಬರೆಸಬೇಕು, ಆಮೇಲೆ ಹಾಕಿಸುವುದು ಹೆಚ್ಚಿನ ಕೆಲಸ. ಒಂದು ಕಂಪನಿಯ ಕುಳಿಗಳಿಗೆಂದು ಮಾಡಿದ ಹಿಚ್ ಇನ್ನೊಂದರದಕ್ಕೆ ಹೊಂದದೆ ಇರಬಹುದು ಎಂಬುದನ್ನು ಸೆಕೆಂಡ್ ಹ್ಯಾಂಡ್ ಹಿಚ್ ಕೊಳ್ಳುವವರು ನೆನಪಿನಲ್ಲಿಡಬೇಕು. ಫೋರ್ಡಿಗೆಂದು ಮಾಡಿದ್ದನ್ನು ಅಗ್ಗವಾಗಿ ತಂದು ರ‍್ಯಾಮ್‌ಗೆ ಕೂರಿಸಲಾಗದೆ ಮರಳಿ ಮಾರಿದವರನ್ನು ನಾನು ಬಲ್ಲೆ.

ಮೂರನೆಯದು ಕಾರ್ಖಾನೆಯ ಕುಳಿಗಳಿಲ್ಲದ ಟ್ರಕ್ಕಿಗೆ ನಾನು ಮೊದಲು ಸೂಚಿಸುವ ದಾರಿ. ಕ್ಯಾನ್ಸಸ್ ರಾಜ್ಯದ ಹಂಬೋಲ್ಟಿನ ಬಿ ಅಂಡ್ ಡಬ್ಲ್ಯೂ ಕಂಪನಿಯ ಟರ್ನೋವರ್‌ಬಾಲ್ ಬೆಡ್ಡಿನ ಅಡಿಯಲ್ಲಿ ಚೌಕಟ್ಟಿಗೆ ಕೂರುವ ಗೂಸ್‌ನೆಕ್ ಹಿಚ್. ಬೇಡವೆಂದಾಗ ಅದರ ಗುಂಡನ್ನು ತಲೆಕೆಳಗಾಗಿ ತಿರುಗಿಸಿ ಕುಳಿಯೊಳಗೇ ಇಳಿಸಬಹುದು. ಅದು 30,000 ಪೌಂಡ್ ಎಳೆಯಲು ಮತ್ತು 7,500 ಪೌಂಡ್ ನೇರ ಭಾರ ಹೊರಲು ಅರ್ಹವಾದದ್ದು. ಅದೇ ಕುಳಿಗೆ ಆ ಕಂಪನಿಯದೇ ಕಂಪ್ಯಾನಿಯನ್ ಎಂಬ ಫಿಫ್ತ್‌ವೀಲ್ ಹಿಚ್ಚನ್ನು ಕೂರಿಸಬಹುದು; ಅದರ ಮಿತಿ 20,000 ಪೌಂಡ್, ಪಿನ್ ಭಾರ 5,000 ಪೌಂಡ್. ಬೆಡ್ಡಿನಲ್ಲಿ ಒಂದು ದೊಡ್ಡ ತೂತು ಮತ್ತು ಸರಪಳಿಗಾಗಿ ಕೆಲವು ಸಣ್ಣ ತೂತುಗಳನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಮತ್ತು ಎರಡೂ ಬಗೆಯ ಟ್ರೇಲರುಗಳಿಗೆ ಒಂದೇ ಅಡಿಪಾಯ ಸಾಕಾಗುತ್ತದೆ. ತೂಕ ಮಾತ್ರ ಇದರ ಕಷ್ಟ. ಎರಡು ತುಂಡಾಗಿ ಬಿಚ್ಚಬಹುದಾದರೂ ಅರವತ್ತು ದಾಟಿದವರು ಒಬ್ಬರೇ ಎತ್ತಿ ಇಳಿಸುವ ವಸ್ತು ಅದಲ್ಲ.

ಗೂಸ್‌ನೆಕ್: ಟ್ರಕ್ಕಿಗೆ ಹಗುರ, ಟ್ರೇಲರಿಗೆ ಭಾರ

ಕುದುರೆ, ದನ, ಟ್ರ್ಯಾಕ್ಟರ್ ಸಾಗಿಸುವ ಅಮೆರಿಕದ ರೈತರ ಟ್ರೇಲರುಗಳಲ್ಲಿ ಗೂಸ್‌ನೆಕ್ ಸಾಮಾನ್ಯ. ಬೆಡ್ಡಿನ ತಳದಲ್ಲಿ 2 5/16 ಇಂಚಿನ ಉಕ್ಕಿನ ಗುಂಡು, ಅದರ ಮೇಲೆ ಕೂರುವ ಉದ್ದ ಕತ್ತಿನ ಕೊಳವೆ. ತೀರ ಭಾರದ ಕೆಲಸಕ್ಕೆ 3 ಇಂಚಿನ ಗುಂಡೂ ಇದೆ. ಗುಂಡು ಎಲ್ಲ ದಿಕ್ಕಿಗೂ ಹೊರಳುವುದರಿಂದ ಹೊಲದ ಏರುತಗ್ಗಿನ ದಾರಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಬೆಡ್ ಖಾಲಿಯಾಗಿಯೇ ಉಳಿಯುತ್ತದೆ, ಟ್ರಕ್ಕಿನ ಮೇಲೆ ಹಿಚ್ಚಿನ ಭಾರವೂ ಇಲ್ಲ. ಇಷ್ಟೆಲ್ಲ ಅನುಕೂಲ ಕಂಡು ಫಿಫ್ತ್‌ವೀಲ್ ಟ್ರೇಲರಿನ ಕಿಂಗ್‌ಪಿನ್ನಿಗೆ ಒಂದು ಅಡಾಪ್ಟರ್ ಕೊಳವೆ ಸಿಕ್ಕಿಸಿ ಗೂಸ್‌ನೆಕ್ ಗುಂಡಿಗೆ ಕೂರಿಸುವವರು ಬಹಳ ಮಂದಿ.

ಇಲ್ಲಿ ನಾನು ಬೇಡವೆನ್ನುವುದು ಟ್ರೇಲರಿನ ಚೌಕಟ್ಟಿಗಾಗಿ. ಬ್ರೇಕ್ ಹಾಕಿದಾಗಲೂ ಹಳ್ಳಕ್ಕೆ ಬಿದ್ದಾಗಲೂ ಹಿಚ್ಚಿನಲ್ಲಿ ಹುಟ್ಟುವ ತಳ್ಳು ಮತ್ತು ಎಳೆತ, ಪಿನ್ ಬಾಕ್ಸನ್ನು ಸನ್ನೆಕೋಲಿನಂತೆ ಹಿಡಿದು ಟ್ರೇಲರಿನ ಮೂತಿಯ ಬೆಸುಗೆಗಳನ್ನು ತಿರುಚುತ್ತದೆ. ಸಾಮಾನ್ಯ ಫಿಫ್ತ್‌ವೀಲ್ ಹಿಚ್ಚಿನಲ್ಲಿ ಆ ಬಲ ಬೀಳುವ ಜಾಗ ಬೆಡ್ಡಿನ ತಳಕ್ಕಿಂತ ಎತ್ತರದಲ್ಲಿ, ಟ್ರೇಲರಿನ ಚೌಕಟ್ಟಿಗೆ ಹತ್ತಿರದಲ್ಲಿರುತ್ತದೆ. ಅಡಾಪ್ಟರ್ ಹಾಕಿದ ಕೂಡಲೇ ಅದು ಬೆಡ್ಡಿನ ತಳದ ಗುಂಡಿಗೆ ಇಳಿಯುತ್ತದೆ, ಸನ್ನೆಕೋಲು ಒಂದಡಿಗೂ ಹೆಚ್ಚು ಉದ್ದವಾಗುತ್ತದೆ. ದನದ ಟ್ರೇಲರಿನ ಕತ್ತನ್ನು ಈ ತಿರುಚನ್ನು ಲೆಕ್ಕ ಹಾಕಿಯೇ ದಪ್ಪ ಉಕ್ಕಿನಲ್ಲಿ ಕಟ್ಟಿರುತ್ತಾರೆ. ತೆಳು ಚೌಕಟ್ಟಿನ ಮೇಲೆ ಮಲಗುವ ಕೋಣೆ ಹೊತ್ತಿರುವ ಫಿಫ್ತ್‌ವೀಲನ್ನು ಹಾಗೆ ಕಟ್ಟಿರುವುದಿಲ್ಲ. ಮೂತಿಯ ಬಳಿ ಬೆಸುಗೆ ಸೀಳಿದರೆ ಹೊರಗೋಡೆಯ ಫೈಬರ್ ಬಿರುಕು ಬಿಡುವವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ. ಇಂಥ ಅಡಾಪ್ಟರ್ ಹಾಕಿದರೆ ಚೌಕಟ್ಟಿನ ವಾರಂಟಿ ರದ್ದಾಗುವ ಸಂಭವವೂ ಇದೆ.

ಗೂಸ್‌ನೆಕ್ಕೇ ಬೇಕೆನ್ನುವವರಿಗೆ ಸರಿಯಾದ ಮಾರ್ಗವೆಂದರೆ ಕೊಳವೆ ಸಿಕ್ಕಿಸುವುದರ ಬದಲು ಪಿನ್ ಬಾಕ್ಸನ್ನೇ ಬದಲಿಸುವುದು. ರೀಸ್ ಕಂಪನಿಯ ಗೂಸ್ ಬಾಕ್ಸ್ ಅಂಥದ್ದು: ಗೂಸ್‌ನೆಕ್ ಗುಂಡಿಗಾಗಿಯೇ ವಿನ್ಯಾಸಗೊಂಡ, ಗಾಳಿಚೀಲದಿಂದ ಹೊಡೆತ ತಗ್ಗಿಸುವ ಪೂರ್ಣ ಪಿನ್ ಬಾಕ್ಸ್. ಅದನ್ನು ಹಾಕಿಸುವ ಮೊದಲು ನಿಮ್ಮ ಟ್ರೇಲರಿನ ಚೌಕಟ್ಟು ಯಾರು ಮಾಡಿದ್ದೆಂದು ತಿಳಿದು, ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಗುಂಡಿನ ಹಿಚ್ಚಿಗೆ ಸುರಕ್ಷತಾ ಸರಪಳಿಗಳು ಬೇಕಾಗುತ್ತವೆ ಎಂಬುದನ್ನೂ ಮರೆಯಬಾರದು.

ಗಿಡ್ಡ ಬೆಡ್ಡಿನವರ ಮುಂದಿರುವ ದಾರಿಗಳು

ಕೈಯಿಂದ ಸರಿಸುವ ಸ್ಲೈಡರ್ ಹಿಚ್ ಇವುಗಳಲ್ಲಿ ಹಳೆಯದು, ಅಗ್ಗವಾದದ್ದು. ದಾರಿಯಲ್ಲಿ ಹೋಗುವಾಗ ಪಿನ್ನು ಆಕ್ಸಲಿನ ಮೇಲಿರುತ್ತದೆ. ಇಕ್ಕಟ್ಟಿನಲ್ಲಿ ತಿರುಗಿಸುವ ಮೊದಲು ಟ್ರಕ್ಕಿನಿಂದ ಇಳಿದು ಬೀಗದ ಹಿಡಿಕೆ ಎಳೆಯಬೇಕು, ಟ್ರೇಲರಿನ ಬ್ರೇಕ್ ಹಿಡಿದು ಟ್ರಕ್ಕನ್ನು ಮೆಲ್ಲನೆ ಮುಂದಕ್ಕೆ ತರಬೇಕು; ಆಗ ಹಿಚ್ ಹತ್ತು ಹನ್ನೆರಡು ಇಂಚು ಹಿಂದಕ್ಕೆ ಸರಿದು ಬೀಗ ಬೀಳುತ್ತದೆ. ಕೆಲಸ ಮುಗಿದ ಮೇಲೆ ಇದನ್ನೇ ತಿರುವುಮುರುವಾಗಿ ಮಾಡಬೇಕು. ಹಿಂದೆ ಸರಿದ ಸ್ಥಿತಿಯಲ್ಲಿಯೇ ಹೆದ್ದಾರಿಗೆ ಹೋದರೆ ಪಿನ್ ಭಾರ ಆಕ್ಸಲಿನ ಹಿಂದಕ್ಕೆ ಬಿದ್ದು ಮುಂದಿನ ಚಕ್ರಗಳು ಹಗುರಾಗುತ್ತವೆ. ಮೇಲಿನ ಲೆಕ್ಕವನ್ನು ಮತ್ತೆ ನೋಡಿ: 40 ಇಂಚಿಗೆ 12 ಸೇರಿಸಿದರೆ 52. ಬೇಕಾದ 51ಕ್ಕೆ ಒಂದೇ ಇಂಚು ಹೆಚ್ಚು. ಸ್ಲೈಡರ್ ಇದ್ದರೂ ಕಣ್ಣು ಕೋನದ ಮೇಲೆಯೇ ಇರಬೇಕು ಎಂದು ಇದರ ಅರ್ಥ.

ನಮ್ಮ ಮೊದಲ ಹಿಚ್ ಇದೇ ಆಗಿತ್ತು. ಹಿಡಿಕೆ ಎಳೆಯುವುದು ಕಷ್ಟವಾಗಿರಲಿಲ್ಲ. ಎಳೆಯಬೇಕೆಂಬುದು ನೆನಪಾಗುವುದೇ ಕಷ್ಟವಾಗಿತ್ತು. ಆರು ಗಂಟೆ ಓಡಿಸಿ ಬಂದು, ಹಿಂದೆ ಇನ್ನಿಬ್ಬರು ಕಾಯುತ್ತಿರುವಾಗ, ತಿರುವಿನ ಅರ್ಧದಲ್ಲಿ ನನ್ನ ಹೆಂಡತಿ ಕೂಗಿ ನಿಲ್ಲಿಸಿದ ದಿನ ಟ್ರೇಲರಿನ ಮೂಲೆಗೂ ಗಾಜಿಗೂ ನಡುವೆ ಮೂರು ಬೆರಳಿನಷ್ಟು ಜಾಗ ಉಳಿದಿತ್ತು. ಆ ಹಿಚ್ಚನ್ನು ಮಾರಲು ಅದೇ ಕಾರಣವಾಯಿತು.

ತಾನಾಗಿಯೇ ಸರಿಯುವ ಹಿಚ್ ಈ ಮರೆವಿಗೆ ಪರಿಹಾರ. ಇಂಡಿಯಾನಾದ ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್ ಮತ್ತು ಅಯೋವಾದ ಡೆಮ್ಕೊ ಕಂಪನಿಯ ಆಟೋಸ್ಲೈಡ್ ಈ ಬಗೆಯವು. ಸೂಪರ್‌ಗ್ಲೈಡ್‌ನಲ್ಲಿ ಟ್ರೇಲರಿನ ಪಿನ್ ಬಾಕ್ಸಿನ ಅಡಿಗೆ ಒಂದು ಹಿಡಿತಟ್ಟೆಯನ್ನು ಖಾಯಂ ಆಗಿ ಜೋಡಿಸುತ್ತಾರೆ. ಟ್ರೇಲರ್ ತಿರುಗಿದಂತೆ ಹಿಚ್ಚಿನ ತಲೆಯೂ ಅದರೊಂದಿಗೆ ತಿರುಗಿ, ಒಳಗಿನ ಕ್ಯಾಮ್ ಹಿಚ್ಚನ್ನು ತಾನೇ ಹಿಂದಕ್ಕೆ ಸರಿಸುತ್ತದೆ, ನೆಟ್ಟಗಾದಾಗ ಮುಂದಕ್ಕೆ ತರುತ್ತದೆ. ಚಾಲಕ ಏನನ್ನೂ ನೆನಪಿಡಬೇಕಿಲ್ಲ. ಇದು ದುಬಾರಿ, ತೂಕವೂ ಹೆಚ್ಚು, ಸರಿಯುವ ಭಾಗಗಳಿಗೆ ಗ್ರೀಸ್ ತಪ್ಪಿಸುವಂತಿಲ್ಲ, ಮತ್ತು ಹಿಡಿತಟ್ಟೆ ಇರುವುದರಿಂದ ಬೇರೊಬ್ಬರ ಟ್ರಕ್ಕಿನಿಂದ ಎಳೆಸಬೇಕಾದಾಗ ತೊಡಕಾಗುತ್ತದೆ. ಇಷ್ಟಾದರೂ ಗಿಡ್ಡ ಬೆಡ್ಡಿನ ಟ್ರಕ್ಕನ್ನು ಬದಲಿಸಲಾಗದವರಿಗೆ ನಾನು ಹೇಳುವುದು ಇದನ್ನೇ. ಒಂದು ಹಿಂದಿನ ಗಾಜು, ಒಂದು ಕ್ಯಾಬಿನ್ ಮೂಲೆ ಮತ್ತು ಟ್ರೇಲರಿನ ಮುಂಭಾಗ ಜಖಂಗೊಂಡರೆ ಆಗುವ ಖರ್ಚಿನ ಮುಂದೆ ಇದರ ಬೆಲೆ ಹೆಚ್ಚಲ್ಲ.

ಇನ್ನೊಂದು ಉಪಾಯ ತಿರುಗುವ ಬಿಂದುವನ್ನೇ ಟ್ರೇಲರಿನ ಕಡೆಗೆ ಸರಿಸುವುದು. ರೀಸ್ ಕಂಪನಿಯ ಸೈಡ್‌ವೈಂಡರ್, ಅದರ ನಂತರ ಬಂದ ರೆವಲ್ಯೂಷನ್ ಎಂಬ ಪಿನ್ ಬಾಕ್ಸ್‌ಗಳಲ್ಲಿ ಕಿಂಗ್‌ಪಿನ್ನು ಹಿಚ್ಚಿನಲ್ಲಿ ತಿರುಗದಂತೆ ಬೆಣೆ ಹೊಡೆದು ಹಿಡಿಸುತ್ತಾರೆ, ಟ್ರೇಲರ್ ತಿರುಗುವುದು ಪಿನ್ನಿನಿಂದ 22 ಇಂಚು ಹಿಂದಿರುವ ಕೀಲಿನಲ್ಲಿ. ಸ್ಥಿರ ಹಿಚ್ಚಿನೊಂದಿಗೇ ಗಿಡ್ಡ ಬೆಡ್ಡಿನಲ್ಲಿಯೂ ಪೂರ್ಣ ತಿರುವು ಸಿಗುತ್ತದೆ. ನಿಮ್ಮ ಹಿಚ್ಚಿಗೆ ಹೊಂದುವ ಬೆಣೆಯೇ ಬೇಕು, ಮತ್ತು ತಾನಾಗಿ ಸರಿಯುವ ಹಿಚ್‌ಗಳೊಂದಿಗೆ ಇದು ಕೂಡಿಬರುವುದಿಲ್ಲ. ಟ್ರೇಲರಿನೊಂದಿಗೇ ಇದು ಕಾರ್ಖಾನೆಯಿಂದ ಬಂದಿದ್ದರೆ ಇರಲಿ ಎನ್ನುತ್ತೇನೆ. ದೊಡ್ಡ ಟ್ರೇಲರಿಗೆ ಹೊಸದಾಗಿ ಹಾಕಿಸುವುದಾದರೆ, ಅದರ ಪಿನ್ ಭಾರದ ಮಿತಿ ನಿಮ್ಮ ತೂಕದ ಚೀಟಿಗಿಂತ ಸಾಕಷ್ಟು ಮೇಲಿದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಹಗುರವಾದ ಅಲ್ಯೂಮಿನಿಯಂ ಹಿಚ್

ಐಡಾಹೊದ ಆಂಡರ್ಸನ್ ಕಂಪನಿಯ ಅಲ್ಟಿಮೇಟ್ ಎಂಬ ಹಿಚ್ ಬಗ್ಗೆ ಕೇಳದವರಿಲ್ಲ. ಅಲ್ಯೂಮಿನಿಯಂ ಮಾದರಿ ಸುಮಾರು 35 ಪೌಂಡ್ ಮಾತ್ರ ತೂಗುತ್ತದೆ. ಗೂಸ್‌ನೆಕ್ ಗುಂಡಿಗೆ ಒಂದೇ ಬೋಲ್ಟಿನಿಂದ ಬಿಗಿಯುತ್ತದೆ. ಕಿಂಗ್‌ಪಿನ್ನಿಗೆ ಒಂದು ಕಪ್ಲರ್ ಹಿಡಿಸಿ ಅದನ್ನು ಈ ಹಿಚ್ಚಿನದೇ ಗುಂಡಿನ ಮೇಲೆ ಇಳಿಸುತ್ತಾರೆ, ಗ್ರೀಸ್ ಬಳಿದ ತಟ್ಟೆಯಿಲ್ಲ, ಸಪ್ಪಳ ಕಡಿಮೆ. ಬೆನ್ನುನೋವಿರುವವರಿಗೂ ಬೆಡ್ಡನ್ನು ದಿನವೂ ಬಳಸುವವರಿಗೂ ಇದು ದೊಡ್ಡ ಉಪಕಾರ. ಎಳೆಯುವ ಮಿತಿ 24,000 ಪೌಂಡ್ ಎಂದಿದ್ದರೂ ಪಿನ್ ಭಾರದ ಮಿತಿ 4,500 ಪೌಂಡ್. ಈ ಬರಹದ ಆರಂಭದಲ್ಲಿ ದೊಡ್ಡ ಅಂಕಿಯನ್ನು ನಂಬಬೇಡಿ ಎಂದದ್ದು ಇಂಥ ಕಡೆಗಾಗಿಯೇ: 20,000 ಪೌಂಡಿನ ಟ್ರೇಲರಿನಲ್ಲಿ ಶೇಕಡಾ 23ರಷ್ಟು ಪಿನ್ನಿಗೆ ಬಂದರೆ 4,600 ಪೌಂಡ್, ಮಿತಿ ದಾಟಿತು. 12,000ದಿಂದ 14,000 ಪೌಂಡಿನ ಟ್ರೇಲರುಗಳಿಗೆ ನಾನು ಇದನ್ನು ಸಂತೋಷದಿಂದ ಸೂಚಿಸುತ್ತೇನೆ. ಅದಕ್ಕಿಂತ ದೊಡ್ಡವಕ್ಕೆ ಉಕ್ಕಿನ ತಟ್ಟೆ ಮತ್ತು ದವಡೆಯೇ ಇರಲಿ.

ಹಿಚ್ಚಿನ ತಲೆಯಲ್ಲಿ ನೋಡಬೇಕಾದದ್ದು

ಬಗೆ ನಿರ್ಧಾರವಾದ ಮೇಲೆ ದವಡೆಯನ್ನು ಗಮನಿಸಿ. ಅಗ್ಗದ ಹಿಚ್‌ಗಳಲ್ಲಿ ಪಿನ್ನಿನ ಹಿಂದೆ ಒಂದೇ ಅಡ್ಡಪಟ್ಟಿ ಸರಿದು ನಿಲ್ಲುತ್ತದೆ. ಒಳ್ಳೆಯವುಗಳಲ್ಲಿ ಎರಡು ದವಡೆಗಳು ಪಿನ್ನನ್ನು ಸುತ್ತುವರಿದು ಅಪ್ಪಿಕೊಳ್ಳುತ್ತವೆ, ಸಡಿಲು ಕಡಿಮೆಯಾದಷ್ಟೂ ಹೊರಡುವಾಗ ನಿಲ್ಲುವಾಗ ಬೆನ್ನಿಗೆ ಗುದ್ದಿದಂತಾಗುವ ಕುಲುಕಾಟ ಕಡಿಮೆ. ತಲೆ ಹಿಂದೆ ಮುಂದೆ ಮಾತ್ರವಲ್ಲದೆ ಎಡಬಲಕ್ಕೂ ವಾಲುವಂತಿದ್ದರೆ ಓರೆಯಾದ ನೆಲದಲ್ಲಿ ಜೋಡಿಸುವುದು ಸುಲಭ. ದೊಡ್ಡ ಟ್ರೇಲರಿಗೆ ಇದು ಐಷಾರಾಮವಲ್ಲ, ಅಗತ್ಯ. ಕುಲುಕಾಟ ಆಮೇಲೂ ಉಳಿದರೆ ಮೋರೈಡ್ ಕಂಪನಿಯ ರಬ್ಬರಿನ ಪಿನ್ ಬಾಕ್ಸ್ ಅಥವಾ ಗಾಳಿಚೀಲದ ಪಿನ್ ಬಾಕ್ಸ್ ನೆರವಾಗುತ್ತದೆ, ಆದರೆ ಅವುಗಳನ್ನು ನಿಮ್ಮ ಪಿನ್ ಭಾರಕ್ಕೆ ತಕ್ಕ ಶ್ರೇಣಿಯಲ್ಲಿಯೇ ಆರಿಸಬೇಕು. ಫಿಫ್ತ್‌ವೀಲ್ ಮತ್ತು ಗೂಸ್‌ನೆಕ್ ಹಿಚ್‌ಗಳ ಪರೀಕ್ಷೆಗೆ ಜೆ2638 ಎಂಬ, ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಮಾನದಂಡವಿದೆ. ಕೊಳ್ಳುವ ಹಿಚ್ ಅದರಂತೆ ಪರೀಕ್ಷಿತವಾಗಿದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು.

ಎತ್ತರವನ್ನೂ ಹೊಂದಿಸಬೇಕು. ಈಗಿನ ಟ್ರಕ್ಕುಗಳ ಬೆಡ್ಡಿನ ಗೋಡೆಗಳು ಎತ್ತರವಾಗಿರುವುದರಿಂದ ಗೋಡೆಯ ಅಂಚಿಗೂ ಟ್ರೇಲರಿನ ತಳಕ್ಕೂ ನಡುವೆ ಕನಿಷ್ಠ 6 ಇಂಚು ಇರುವಂತೆ, ಜೊತೆಗೆ ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಹಿಚ್ಚಿನ ಎತ್ತರವನ್ನು ಗುರುತಿಸಿಕೊಳ್ಳಬೇಕು. ಎರಡೂ ಒಟ್ಟಿಗೆ ಸಾಧ್ಯವಾಗದಿದ್ದರೆ 6 ಇಂಚನ್ನು ಬಿಟ್ಟುಕೊಡಬೇಡಿ.

ಯಾವ ಹಿಚ್ ಆದರೂ ತಪ್ಪದೆ ಮಾಡಬೇಕಾದ ಪರೀಕ್ಷೆಯೊಂದಿದೆ. ಟ್ರೇಲರ್ ಸ್ವಲ್ಪ ಎತ್ತರವಾಗಿ ನಿಂತಿದ್ದರೆ ಪಿನ್ನಿನ ತುದಿ ದವಡೆಯೊಳಗೆ ಸೇರದೆ ಅದರ ಮೇಲೆಯೇ ಕುಳಿತುಬಿಡುತ್ತದೆ, ಹಿಡಿಕೆ ಮುಚ್ಚಿದಂತೆಯೇ ಕಾಣುತ್ತದೆ, ಮೊದಲ ಏರಿನಲ್ಲಿ ಟ್ರೇಲರ್ ಹಿಂದಕ್ಕೆ ಜಾರಿ ಬೆಡ್ಡಿನ ಗೋಡೆಗಳ ಮೇಲೆ ಬೀಳುತ್ತದೆ. ಆದ್ದರಿಂದ ಜೋಡಿಸಿದ ಮೇಲೆ ಟಾರ್ಚ್ ಹಿಡಿದು ದವಡೆ ಪಿನ್ನನ್ನು ಸುತ್ತುವರಿದಿರುವುದನ್ನು ಕಣ್ಣಾರೆ ನೋಡಿ, ತಟ್ಟೆಗೂ ಪಿನ್ ಬಾಕ್ಸಿಗೂ ನಡುವೆ ಬೆಳಕು ಕಾಣದಿರುವುದನ್ನು ಖಚಿತಪಡಿಸಿಕೊಳ್ಳಿ. ಟ್ರೇಲರಿನ ಮುಂದಿನ ಕಾಲುಗಳನ್ನು ನೆಲದಿಂದ ಒಂದಿಂಚಿನಷ್ಟೇ ಎತ್ತಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಿರುವಾಗಲೇ, ಟ್ರೇಲರಿನ ಬ್ರೇಕನ್ನು ಕೈಯಿಂದ ಹಿಡಿದು ಟ್ರಕ್ಕನ್ನು ಮುಂದಕ್ಕೆ ಎಳೆಯಿರಿ. ಹಿಡಿತ ತಪ್ಪಿದ್ದರೆ ಟ್ರೇಲರ್ ಒಂದಿಂಚು ಕೆಳಗೆ ಕಾಲಿನ ಮೇಲೆ ಕೂರುತ್ತದೆ, ಬೆಡ್ ಉಳಿಯುತ್ತದೆ. ಹಿಚ್ ಬದಲಿಸಿದ ನಂತರದ ಮೊದಲ ಪ್ರವಾಸದಲ್ಲಿಯೇ ನಮಗೆ ಇದು ಒಮ್ಮೆ ಹಾಗೆ ಆಯಿತು. ಕಾಲುಗಳನ್ನು ಪೂರ್ತಿ ಎತ್ತಿ ಹೊರಟಿದ್ದರೆ ಟ್ರಕ್ಕಿನ ಬೆಡ್ ಉಳಿಯುತ್ತಿರಲಿಲ್ಲ. ತುರ್ತು ಬ್ರೇಕಿನ ತಂತಿಯನ್ನು ಹಿಚ್ಚಿನ ಹಿಡಿಕೆಗೆ ಸಿಕ್ಕಿಸುವ ರೂಢಿಯನ್ನು ಬಿಟ್ಟು, ಟ್ರಕ್ಕಿನ ಮೈಗೇ ಕಟ್ಟಿ. ಹಿಚ್ಚೇ ಕಿತ್ತು ಟ್ರೇಲರಿನೊಂದಿಗೆ ಹೋದರೆ ಅದಕ್ಕೆ ಕಟ್ಟಿದ ತಂತಿ ಎಳೆಯಲ್ಪಡುವುದೇ ಇಲ್ಲ, ಟ್ರೇಲರಿನ ಬ್ರೇಕುಗಳೂ ಹಿಡಿಯುವುದಿಲ್ಲ.